ಲೇಖನಿ ಉಳಿಸಿಕೊಂಡ ಹಾಳೆ

ಅರ್ಮೇನಿಯಾದ ಬೆಟ್ಟವೊಂದರ ಚರ್ಚಿನಲ್ಲಿ ಹಳೆಯ ಹಾಡಿನ ಪುಸ್ತಕವಿತ್ತು. ಅದರ ಪ್ರತಿ ಸಾಲಿನ ಮೇಲೂ ರಾಗ ತಿಳಿಸುವ ಗುರುತುಗಳಿದ್ದವು. ಅವನ್ನು ಓದಬಲ್ಲವರು ಮಾತ್ರ ಒಬ್ಬರೂ ಉಳಿದಿರಲಿಲ್ಲ. ಆ ರಾಗಗಳೆಲ್ಲ ಈಗ ಇದ್ದದ್ದು ಚರ್ಚಿನ ಸೂರಿನಲ್ಲಿ ಗೂಡು ಕಟ್ಟಿದ್ದ ಮುದಿ ಗೊರವಂಕದ ಗಂಟಲಲ್ಲಿ.

ಒಂದು ಲೇಖನಿ ಬಂದು, "ಅಜ್ಜಾ, ನೀವು ಹಾಡಿ, ನಾನು ಬರೆದುಕೊಳ್ಳುತ್ತೇನೆ" ಎಂದಿತು.

ಪುಸ್ತಕಕ್ಕೆ ಸಿಟ್ಟು ಬಂತು. "ಎಲ್ಲವೂ ನನ್ನಲ್ಲೇ ಬರೆದಿದೆಯಲ್ಲ!"

"ಹಾಗಾದರೆ ಈ ಕೊಕ್ಕೆಯಂಥ ಗುರುತನ್ನು ಹೇಗೆ ಹಾಡಬೇಕು, ಹೇಳಿ" ಎಂದಿತು ಲೇಖನಿ.

ಪುಸ್ತಕ ತಡವರಿಸಿತು. "ಅದನ್ನು ಬರೆದಿಲ್ಲ. ಆಗ ಎಲ್ಲರಿಗೂ ಗೊತ್ತಿತ್ತಲ್ಲ."

ಗೊರವಂಕ ಹಾಡುತ್ತಾ ಹೋಯಿತು, ಲೇಖನಿ ಈಗಿನವರೆಲ್ಲ ಬಳಸುವ ಹೊಸ ಗುರುತುಗಳಲ್ಲಿ ಬರೆಯುತ್ತಾ ಹೋಯಿತು. ಚೂರು ಸಂಶಯ ಬಂದರೂ "ಇನ್ನೊಮ್ಮೆ ಹಾಡಿ" ಎನ್ನುತ್ತಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಹಾಳೆ ಉಳಿದಿತ್ತು, ಒಂದು ಹಾಡೂ ಉಳಿದಿತ್ತು.

"ಇದು ಈಸ್ಟರ್ ಬೆಳಗಿನ ಹಾಡು. ಎಲ್ಲಕ್ಕಿಂತ ಚೆಂದದ್ದು, ಬರೆದುಕೋ" ಎಂದಿತು ಗೊರವಂಕ.

"ಆಗುವುದಿಲ್ಲ ಅಜ್ಜಾ. ನನ್ನ ಒಂದೊಂದು ಗುರುತನ್ನೂ ಹೇಗೆ ಹಾಡಬೇಕು ಅನ್ನುವುದನ್ನು ಈ ಹಾಳೆಯಲ್ಲಿ ಬರೆಯಬೇಕು."

"ಅದಕ್ಕಾಗಿ ಇಂಥ ಹಾಡನ್ನು ಬಿಡುತ್ತೀಯಾ? ನಿನ್ನ ಗುರುತುಗಳು ಈಗ ಯಾರಿಗೆ ತಾನೇ ಗೊತ್ತಿಲ್ಲ?"

ಅಲ್ಲಿಯವರೆಗೆ ಮುನಿಸಿಕೊಂಡು ಮುಚ್ಚಿಕೊಂಡಿದ್ದ ಹಳೆಯ ಪುಸ್ತಕ ಮೆಲ್ಲಗೆ ಬಾಯಿ ತೆರೆಯಿತು. "ನನ್ನನ್ನು ಬರೆದವರೂ ಇದೇ ಮಾತು ಹೇಳಿದ್ದರು."

ಗೊರವಂಕ ಮೊಮ್ಮಕ್ಕಳನ್ನು ಗೂಡಿನಿಂದ ಕರೆದು ಕೂರಿಸಿಕೊಂಡು ಈಸ್ಟರ್ ಹಾಡನ್ನು ಹೇಳಿಕೊಡತೊಡಗಿತು. ಲೇಖನಿ ಕೊನೆಯ ಹಾಳೆಯಲ್ಲಿ ತನ್ನ ಮೊದಲ ಗುರುತನ್ನು ಬರೆದು, ಅದರ ಮುಂದೆ ಅರ್ಥವನ್ನೂ ಬರೆಯಿತು.