ತಗಡಿನ ಡಬ್ಬಿಯ ಸಕ್ಕರೆ

ಗುರುಗಳು ಕೋಪಿಷ್ಠರಾಗಿದ್ದರೆ ಅದು ಶಿಷ್ಯನ ಪುಣ್ಯ ಅನ್ನಬೇಕು, ನೋಡಿ. ಚೆನ್ನವೀರಯ್ಯನವರು ಅಂಥವರು. ಹೊಳೆದಂಡೆಯ ಗುಡಿಸಲಲ್ಲಿ ಕಾಫಿಬೀಜ ಹುರಿಯುವುದೇ ಅವರ ತಪಸ್ಸು.

ಅವರ ಬಳಿ ಆರು ವರ್ಷ ಕಲಿತ ತಿಪ್ಪೇಶ ಹೊಳೆಯಾಚೆಯ ಊರಲ್ಲಿ ಅಂಗಡಿ ತೆರೆದ. ಅದೋ, ಚಹಾ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಊರು! ಇವನದು ಒಂದೇ ತೋಟದ ಬೀಜ. ಚಿಕೋರಿ ಇಲ್ಲ, ಹಾಲಿಲ್ಲ. ಬಾಗಿಲಿಗೆ ಬೋರ್ಡು ಬೇರೆ: ‘ಇಲ್ಲಿ ಸಕ್ಕರೆ ಕೇಳಬಾರದು.’

ಮೂರನೆಯ ತಿಂಗಳು ತಿಪ್ಪೇಶ ದೋಣಿ ಇಳಿದು ಬಂದವನೇ ಅಂಗಡಿಯ ಬೀಗದ ಕೈಯನ್ನು ಗುರುಗಳ ಮುಂದೆ ಎಸೆದ.

“ಮುಚ್ಚಿಬಿಡ್ತೀನಿ ಗುರುಗಳೇ. ಆ ಊರಿಗೆ ಕಾಫಿ ಕುಡಿಯೋ ಯೋಗ್ಯತೆ ಇಲ್ಲ.”

“ಏನಾಯ್ತು?”

“ಬಳೆಗಾರ ಪೀರಸಾಬ. ದಿನಾ ತಪ್ಪದೆ ಬರ್ತಿದ್ದವನು ಅವನೊಬ್ಬನೇ. ನಿನ್ನೆ ಜೇಬಿಂದ ಪೊಟ್ಟಣ ತೆಗೆದು ಸಕ್ಕರೆ ಸುರಿದ! ನಾನು ಹುರಿದ ಬೀಜದ ಕಾಫಿಗೆ!”

“ನೀನೇನು ಮಾಡಿದೆ?”

“ಲೋಟ ಕಿತ್ಕೊಂಡು ಚರಂಡಿಗೆ ಚೆಲ್ಲಿದೆ.”

ಬಾಣಲೆಯಲ್ಲಿ ಬೀಜ ತಿರುವುತ್ತಿದ್ದ ಗುರುಗಳ ಕೈ ನಿಂತಿತು. ಬೀಜ ಸೀಯುವ ವಾಸನೆ ಎದ್ದಿತು. ಗುರುಗಳ ಕೈಯಲ್ಲಿ ಬೀಜ ಸೀದದ್ದನ್ನು ಆರು ವರ್ಷದಲ್ಲಿ ತಿಪ್ಪೇಶ ಕಂಡಿರಲಿಲ್ಲ.

“ಅವರೇನಂದ್ರು?”

“‘ಕಹಿಯಾದ್ರೂ ನಿನ್ನ ಅಂಗಡಿ ನಡೀಲಿ ಅಂತ ಬರ್ತಿದ್ದೆ ಮಗಾ’ ಅಂದು ಎದ್ದು ಹೋದ. ಇನ್ನು ಅಂಗಡಿ ಯಾರಿಗೆ?”

ಗುರುಗಳು ಒಳಹೋಗಿ ಹಳೆಯ ತಗಡಿನ ಡಬ್ಬಿಯೊಂದನ್ನು ತಂದು ಅವನ ಮುಂದೆ ಕುಕ್ಕಿದರು. ತಳದಲ್ಲಿ ಗಟ್ಟಿಕಟ್ಟಿದ ಸಕ್ಕರೆ.

“ಯಾರದು ಇದು? ನೀವು ಸಕ್ಕರೆ ಮುಟ್ಟೋದೇ ಇಲ್ಲವಲ್ಲ.”

“ನಿನ್ನದು ಕಣೋ, ಮುಠ್ಠಾಳ! ಇಲ್ಲಿಗೆ ಬಂದ ದಿನ ಎಷ್ಟು ಚಮಚ ಕೇಳಿದ್ದೆ?”

ತಿಪ್ಪೇಶನ ದನಿ ಇಳಿಯಿತು. “ಮೂರು.”

“ಹಾಕಿದೆನೋ, ಚೆಲ್ಲಿದೆನೋ?”

“ಹಾಕಿದ್ರಿ.”

“ಬಿಟ್ಟದ್ದು ಯಾವಾಗ?”

“ಬಿಡಲಿಲ್ಲ ಗುರುಗಳೇ. ಅದಾಗಿ ಅದೇ ಬಿಟ್ಟುಹೋಯ್ತು.”

“ಅದಾಗಿ ಅದೇ!” ಗುರುಗಳ ಕೂಗಿಗೆ ದಡದ ಕೊಕ್ಕರೆಗಳು ಹಾರಿದವು. “ಒಂದು ವರ್ಷ, ನಿನಗೆ ಗೊತ್ತೇ ಆಗದ ಹಾಗೆ, ವಾರಕ್ಕೊಂದು ಚಿಟಿಕೆ ಕಡಿಮೆ ಮಾಡಿದ ಕೈ ಇದು. ಈ ನಾಲಿಗೆ ಹೊತ್ಕೊಂಡೇ ಹುಟ್ಟಿದೆ ಅಂದ್ಕೊಂಡ್ಯಾ?”

ತಿಪ್ಪೇಶ ತಲೆ ತಗ್ಗಿಸಿದ. ಬೀಗದ ಕೈಗೆ ಕೈ ಚಾಚಿದ.

ಗುರುಗಳು ಅದರ ಮೇಲೆ ಕಾಲಿಟ್ಟರು.

“ಮೊದಲು ಡಬ್ಬಿ ತಗೋ. ತುಂಬಿಸ್ಕೊಂಡು ಬಳೆಗಾರರ ಮನೆಗೆ ಹೋಗು. ಅಲ್ಲಿ ಕಾಫಿಯ ಬಗ್ಗೆ ತುಟಿ ಪಿಟಕ್ಕೆನ್ನಬೇಡ. ಕಾಫಿ ಮಾಡಿ, ಎಷ್ಟು ಚಮಚ ಅಂತ ಕೇಳು.”