ಪಾಲಮ್ಮನ ಎದೆಗೆ ಸ್ಪ್ರಿಂಗು ಹಾಕಿಸಿದ್ದು

ಮಂಡಕ್ಕಿ ಭಟ್ಟಿಯ ಪಾಲಮ್ಮನಿಗೆ ಒಬ್ಬನೇ ಮಗ, ಚಿಕ್ಕೋಬಯ್ಯ ಅಂತ. ಆಳೇನೋ ಎತ್ತರ, ಮೀಸೇನೋ ದಪ್ಪ, ತಲೆ ಮಾತ್ರ ಖಾಲಿ ಗುಡಾಣ. ಹೇಳಿದ್ದನ್ನ ಮಾಡೋನು, ಹೇಳಿದಂಗೇ ಮಾಡೋನು. ‘ಬಾಗಿಲು ನೋಡ್ಕೊಳ್ಳೋ’ ಅಂದರೆ ಬಾಗಿಲನ್ನೇ ನೋಡ್ತಾ ಕೂತಿರೋನು. ನಾಯಿ ಒಳಗೆ ನುಗ್ಗಿ ಅನ್ನ ತಿಂದು ಹೋಗೋದು. ‘ನಾನು ಕಣ್ಣು ಮುಚ್ಚಿದರೆ ಇವನಿಗೆ ತುತ್ತು ಇಡೋರು ಯಾರಪ್ಪಾ ಶಿವನೇ!’ ಅಂತ ಪಾಲಮ್ಮ ದಿನಾ ಹಣೆ ಚಚ್ಚಿಕೊಳ್ಳೋಳು.

ಒಂದು ದಿನ ಭಟ್ಟಿ ಮುಂದೆ ಕೂತಿದ್ದಳು. ಇದ್ದಕ್ಕಿದ್ದಂಗೆ ಮೈ ಬೆವರಿತು, ಎಡಗೈ ಸೆಳೆಯಿತು.

‘ಲೋ ಓಬಾ! ಎದೆ ಮೇಲೆ ಕಲ್ಲು ಇಟ್ಟಂಗಾಗ್ತದೆ! ಯಾರನ್ನಾದರೂ ಕರಕೊಂಡು ಬಾರೋ!’

ಓಡಿದ. ಕರಕೊಂಡು ಬಂದ. ಯಾರನ್ನ? ಕಲ್ಲು ಒಡೆಯೋ ಕರಿಬಸಣ್ಣನನ್ನ! ಹಾರೆ, ಸುತ್ತಿಗೆ ಸಮೇತ!

‘ಎಲ್ಲವ್ವಾ ಕಲ್ಲು?’ ಅಂದ ಕರಿಬಸಣ್ಣ. ಪಾಲಮ್ಮನ ಮುಖ ನೋಡಿದ, ಸುತ್ತಿಗೆ ಬಿಸಾಕಿದ, ತನ್ನ ಟ್ರ್ಯಾಕ್ಟರಿನಲ್ಲೇ ಊರಿನ ದೊಡ್ಡಾಸ್ಪತ್ರೆಗೆ ಸಾಗಿಸಿದ.

ಡಾಕ್ಟರು ಪರೀಕ್ಷೆ ಮಾಡಿ ತಾಯಿ ಮಗನಿಗೆ ಬಿಡಿಸಿ ಹೇಳಿದರು. ‘ಹೃದಯದ ರಕ್ತನಾಳ ಕಟ್ಟಿಕೊಂಡಿದೆ. ಹೀಗೇ ಬಿಟ್ಟರೆ ಹಾರ್ಟ್ ಅಟ್ಯಾಕ್ ಆಗಬಹುದು. ಎದೆ ಕೊಯ್ಯೋದಿಲ್ಲ, ಹೆದರಬೇಡಿ. ಮುಂಗೈಯಿಂದ ಸಣ್ಣ ತಂತಿ ಬಿಟ್ಟು, ಕಟ್ಟಿರೋ ಜಾಗದಲ್ಲಿ ಬಲೂನು ಉಬ್ಬಿಸಿ ದಾರಿ ಬಿಡಿಸ್ತೀವಿ. ಮತ್ತೆ ಮುಚ್ಚದಂಗೆ ಒಂದು ಸ್ಪ್ರಿಂಗು ಇಡ್ತೀವಿ.’

ಪಾಲಮ್ಮನಿಗೆ ಭಯ. ಆದರೂ ಮಗನ ಮುಖ ನೋಡಿದಳು, ‘ಮಾಡಿಬಿಡ್ರಪ್ಪಾ’ ಅಂದಳು. ಅಷ್ಟರಲ್ಲಿ ಆ ಮುಖವೇ ಮಾಯ!

ಎಲ್ಲಿ ಹೋದ? ಬಸ್‌ಸ್ಟ್ಯಾಂಡಿಗೆ ಹೋದ. ಕೆಂಪು, ಹಳದಿ, ಹಸಿರು ಬಲೂನಿನ ಗೊಂಚಲು ಹಿಡಕೊಂಡು ವಾರ್ಡಿಗೆ ನುಗ್ಗಿದ. ‘ಅವ್ವಾ, ದೊಡ್ಡದು ನೋಡಿ ತಂದೀನಿ! ಇದರಲ್ಲಿ ದಾರಿ ಚೆನ್ನಾಗಿ ಬಿಡ್ತದೆ!’ ಒಂದು ಫ್ಯಾನಿಗೆ ಸಿಕ್ಕಿ ಢಮಾರ್ ಅಂತು. ಪಕ್ಕದ ಹಾಸಿಗೆಯ ಮುದುಕ ಎದ್ದು ಕೂತ. ನರ್ಸಮ್ಮ ಎದೆ ಹಿಡಕೊಂಡಳು.

‘ನಿನ್ನ ಬುದ್ಧಿಗೆ ಬೆಂಕಿ ಬೀಳ! ತೋಚಿದ್ದು ಮಾಡಬೇಡ. ಆಸ್ಪತ್ರೆಯೋರು ಏನಂದರೂ ಸುಮ್ಮನೆ ಹೂಂ ಅನ್ನು!’ ಅಂತ ಪಾಲಮ್ಮ ಬೈದಳು.

‘ಹೂಂ’ ಅಂದ.

ಮರುದಿನ ಬೆಳಗ್ಗೆ ಹೊಸದಾಗಿ ಸೇರಿದ ವಾರ್ಡ್ ಹುಡುಗ ಗಾಲಿ ಮಂಚ ತಂದ. ಪಾಲಮ್ಮ ಬಚ್ಚಲಿಗೆ ಹೋಗಿದ್ದಳು. ಹಾಸಿಗೆ ಮೇಲೆ ಓಬಯ್ಯ ಕೂತಿದ್ದ.

‘ಸ್ಪ್ರಿಂಗು ಹಾಕಿಸಿಕೊಳ್ಳೋರು ನೀವೇನಾ?’

‘ಹೂಂ.’

‘ಎದೆನೋವಾ?’

‘ಹೂಂ.’

‘ಮಲಗಿ ಮತ್ತೆ.’

‘ಹೂಂ.’

ಹಸಿರು ಅಂಗಿ ತೊಡಿಸಿದರು. ಮುಂಗೈ ಕೂದಲು ಬೋಳಿಸಿದರು. ಒಳಗೆ ಡಾಕ್ಟರು ಮುಖದ ಬಟ್ಟೆ ಸರಿಸಿ ನೋಡ್ತಾರೆ, ದಪ್ಪ ಮೀಸೆ!

‘ಪಾಲಮ್ಮನವರೇನ್ರೀ ನೀವು?’

‘ಹೂಂ!’

ಹೊರಗೆ ದಬ್ಬಿದರು. ಪಾಲಮ್ಮನಿಗೆ ನಗೋಕೂ ಆಗಲಿಲ್ಲ, ಅಳೋಕೂ ತ್ರಾಣ ಇರಲಿಲ್ಲ. ಅವಳನ್ನ ಒಳಗೆ ಒಯ್ಯೋವಾಗ ಮಗನ ಕೈ ಹಿಡಕೊಂಡು ಅಂದಳು, ‘ಬರೀ ಹೂಂ ಅಂದರೆ ಆಗಲ್ಲವೋ ಮಗಾ. ಡಾಕ್ಟರು ಹೇಳಿದ್ದನ್ನ ಕಿವಿಗೊಟ್ಟು ಕೇಳು. ಕೇಳಿದಂಗೇ ಮಾಡು.’

ಸ್ಪ್ರಿಂಗು ಕೂತಿತು. ಎದೆ ಹಗುರಾಯಿತು. ಪಾಲಮ್ಮ ಮಲಗಿದ್ದಾಗ ಡಾಕ್ಟರು ಓಬಯ್ಯನನ್ನ ಕರೆದು ಒಂದು ಪಟ್ಟಿ ಮಾತ್ರೆ ಕೊಟ್ಟರು. ‘ದಿನಾ ಬೆಳಗ್ಗೆ ತಪ್ಪದೇ ನುಂಗಬೇಕು. ಬಿಟ್ಟರೆ ಸ್ಪ್ರಿಂಗಿನೊಳಗೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಬರ್ತದೆ. ತಿಳೀತಾ?’ ಓಬಯ್ಯ ಕಿವಿಗೊಟ್ಟು ಕೇಳಿದ.

ಮನೆಗೆ ಬಂದರು. ಕೆಲವು ದಿನ ಕಳೀತು. ಒಂದು ಬೆಳಗ್ಗೆ ಓಬಯ್ಯ ಗಡ್ಡ ಕೆರೆಯೋವಾಗ ಕೆನ್ನೆ ತುಸು ಗೀರಿತು. ರಕ್ತ ನಿಲ್ಲವಲ್ಲದು! ಒರೆಸಿದಷ್ಟೂ ಸುರೀತದೆ. ಅಂಥದ್ದರಲ್ಲೂ ಜೇಬಿನಿಂದ ಮಾತ್ರೆ ತೆಗೆದು ಗುಟುಕ್ ಅಂತ ನುಂಗಿದ.

‘ಏನೋ ಅದು?’

‘ಡಾಕ್ಟರು ಹೇಳಿದ್ದವ್ವಾ. ರಕ್ತ ಹೆಪ್ಪುಗಟ್ಟದಂಗೆ ದಿನಾ ತಪ್ಪದೇ ನುಂಗಬೇಕಂತೆ. ಒಂದು ದಿನಾನೂ ಬಿಟ್ಟಿಲ್ಲ. ಇವತ್ತಿಗೆ ಮುಗೀತು!’

ಪಾಲಮ್ಮ ಕುಸಿದು ಕೂತಳು. ‘ನನ್ನ ಮಾತ್ರೆಯೇನೋ ಅದು! ನಾನು ಸತ್ತೆನಲ್ಲೋ!’ ಎದೆ ಮತ್ತೆ ಬಿಗೀತಿದೆಯೋ, ಬರೀ ಭಯವೋ, ಅವಳಿಗೇ ಗೊತ್ತಾಗಲಿಲ್ಲ. ‘ಆ ಖಾಲಿ ಪಟ್ಟಿ ಇಲ್ಲಿ ಕೊಡು. ಬೀದಿ ಕೊನೇಲಿ ನಾಗಭೂಷಣಪ್ಪನ ಔಷಧಿ ಅಂಗಡಿ ಇದೆ, ಅವನಿಗೆ ಅವ್ವ ಕರೀತಾಳೆ ಅನ್ನು. ಓಡೋ! ಎಲ್ಲೂ ನಿಲ್ಲಬೇಡ! ಓಡು!’

ಓಬಯ್ಯ ಪಂಚೆ ಎತ್ತಿ ಕಟ್ಟಿದ. ಓಡಿದ. ಹೊಸ್ತಿಲಲ್ಲಿ ನಿಂತು ಪಾಲಮ್ಮ ನೋಡಿದಳು. ಮಗ ಗಿರಣಿ ದಾಟಿದ. ಔಷಧಿ ಅಂಗಡಿ ಬಂತು. ಔಷಧಿ ಅಂಗಡಿಯನ್ನೂ ದಾಟಿದ!

‘ನಿಲ್ಲೋ! ಅಲ್ಲೇ ನಿಲ್ಲೋ!’

ಕೇಳಿಸಲಿಲ್ಲ. ಎಲ್ಲೂ ನಿಲ್ಲಲಿಲ್ಲ.

ಪಾಲಮ್ಮ ಸೆರಗು ಬಿಗಿದಳು. ಗೋಡೆ ಹಿಡಕೊಂಡು, ಕಂಬ ಹಿಡಕೊಂಡು, ಕೂತು ಎದ್ದು ಅಂಗಡಿ ಮುಟ್ಟಿದಳು. ನಾಗಭೂಷಣಪ್ಪ ಪಟ್ಟಿ ನೋಡಿ, ನಡೆದದ್ದು ಕೇಳಿ ಗಾಬರಿಯಾದ, ಮಾತ್ರೆ ಕೊಟ್ಟ, ನೀರು ಕೊಟ್ಟ, ಆಟೋ ಕರೆದ. ‘ಈಗಲೇ ಡಾಕ್ಟರ ಹತ್ತಿರ ನಡೀರಿ. ಮಗ ಎಲ್ಲಮ್ಮಾ?’

ಪಾಲಮ್ಮ ಮಾತ್ರೆ ನುಂಗಿದಳು. ಬಾಯಿ ಒರೆಸಿಕೊಂಡು ಹೆದ್ದಾರಿ ಕಡೆ ಕೈ ತೋರಿಸಿದಳು. ಅಲ್ಲಿ, ಲಾರಿಗಳ ಪಕ್ಕದಲ್ಲಿ, ಒಂದು ಬಿಳಿ ಪಂಚೆ ಓಡ್ತಾ ಓಡ್ತಾ ಸಣ್ಣಗಾಗ್ತಿತ್ತು.