ಕಾಳಾಚಾರಿಯ ನಲವತ್ತು ಕೋವಿ

ಮಂಗಳವಾರ ಬೆಳಗ್ಗೆ ಕರಿಬೆಟ್ಟದ ಪೇಟೆಯಲ್ಲಿ ಡಂಗುರ ಹೊಡೆದರು.

“ಕೇಳ್ರಪ್ಪೋ ಕೇಳಿ! ಕಾಳಾಚಾರಿಯ ಕೋವಿ ಅಂಗಡಿಯಿಂದ ದೊರೆಯ ನಲವತ್ತು ಕೋವಿ ಕಳುವಾಗಿವೆ. ಅವು ಸಿಗದಿದ್ದರೆ ಶುಕ್ರವಾರ ಕಾಳಾಚಾರಿಗೆ ನೇಣು. ಕಳ್ಳ ಇಂಥವನೆಂದು ಹೇಳುವವರು ಮೊದಲು ದೊರೆಮಗಳು ಲಿಂಗವ್ವನ ಮೂರು ಒಗಟು ಬಿಡಿಸಬೇಕು. ಬಿಡಿಸಿದವನು ಕೇಳಿದ್ದು ಕೊಡಲಾಗುವುದು. ತಪ್ಪಿದವನ ತಲೆ ತೆಗೆಯಲಾಗುವುದು!”

ಒಗಟಿನ ಷರತ್ತು ಹಾಕಿದವಳು ಲಿಂಗವ್ವನೇ. ಸೋಮವಾರ ಒಂದೇ ದಿನ ಮೂವತ್ತು ಜನ ಅರಮನೆಗೆ ಬಂದು ಮೂವತ್ತು ಕಳ್ಳರ ಹೆಸರು ಹೇಳಿದ್ದರು. ಒಬ್ಬ ತನ್ನ ಷಡ್ಡಕನ ಹೆಸರು ಹೇಳಿದ್ದ. ಡಂಗುರ ಹೊಡೆದ ಮೇಲೆ ಎರಡು ದಿನದಲ್ಲಿ ಬಂದವರು ಇಬ್ಬರೇ.

ಮೊದಲು ದಳವಾಯಿ ಗಿರಿಯಪ್ಪ ಬಂದ. ಆಚೆ ಬೆಟ್ಟದ ಪಾಳೆಯಗಾರನ ಮೇಲೆ ಯುದ್ಧ ಮಾಡಲೆಂದೇ ಆ ಕೋವಿಗಳನ್ನು ಮಾಡಿಸಿದ್ದರು. ಅವನ ಬೇಹುಗಾರರೇ ಕದ್ದರು ಎಂದು ಗಿರಿಯಪ್ಪನ ವಾದ.

“ಅದನ್ನು ಆಮೇಲೆ ಹೇಳುವಿರಂತೆ” ಎಂದಳು ಲಿಂಗವ್ವ. “ಕದ್ದ ಮೇಲೂ ಬೆಳೆದ ಮಾಲು ಒಂದಿದೆ. ಬೆಳಗ್ಗೆ ಇದ್ದದ್ದು ಮಧ್ಯಾಹ್ನಕ್ಕೆ ಎರಡರಷ್ಟಾಯಿತು, ಸಂಜೆಗೆ ಮೂರರಷ್ಟಾಯಿತು. ಯಾವುದು?”

ದಳವಾಯಿ ಮೀಸೆ ತಿರುವಿದ. “ಶತ್ರುವಿನ ಸೊಕ್ಕು!”

“ಸೊಕ್ಕನ್ನು ಯಾರು ಕದ್ದರು, ದಳವಾಯಿಗಳೇ?”

ಅವನನ್ನು ಸೆರೆಮನೆಗೆ ಒಯ್ದರು. ಶುಕ್ರವಾರ ಅವನ ತಲೆಯೂ ಹೋಗಬೇಕು.

ಬುಧವಾರ ದವಸದ ವ್ಯಾಪಾರಿ ರೇವಣ್ಣಶೆಟ್ಟಿ ಬಂದ. ಜಾಣ. “ಮೊದಲನೆಯದರಲ್ಲಿ ದಳವಾಯಿಗಳು ಹೋದರು, ತಾಯಿ. ನನಗೆ ಎರಡನೆಯದರಿಂದ ಶುರು ಮಾಡಿ” ಎಂದ.

“ಆಗಲಿ. ಬಾಯಿದೆ, ಹೊಟ್ಟೆಯಿದೆ. ಹೊಟ್ಟೆ ತುಂಬ ತುರುಕಿದರೂ ಉಗುಳುವುದಿಲ್ಲ. ಊರೆಲ್ಲ ಅದಕ್ಕೆ ಹೆದರಿ ಬಾಗಿಲು ಹಾಕಿಕೊಂಡಿದೆ. ಏನದು?”

“ಹೆಬ್ಬಾವು!”

“ಊರು ಬಾಗಿಲು ಹಾಕಿಕೊಂಡದ್ದು ಹೆಬ್ಬಾವಿಗಾ, ಶೆಟ್ಟರೇ?”

ಶೆಟ್ಟಿಯೂ ಒಳಗೆ ಹೋದ. ಆಮೇಲೆ ಯಾರೂ ಬರಲಿಲ್ಲ.

ಗುರುವಾರ ಇದ್ದಿಲು ಸುಡುವ ಪಾಲಯ್ಯ ಕಾಡಿನಿಂದ ಇಳಿದ. ವಾರಕ್ಕೊಮ್ಮೆ ಕಾಳಾಚಾರಿಯ ಕುಲುಮೆಗೆ ಇದ್ದಿಲು ಹಾಕುವುದು ಅವನ ಕೆಲಸ. ಅಂಗಡಿಗೆ ಬೀಗ ಬಿದ್ದಿತ್ತು. ಸುದ್ದಿ ಕೇಳಿದ. ಮೂಟೆಯನ್ನು ಅಲ್ಲೇ ಇಳಿಸಿ ಅರಮನೆಗೆ ನಡೆದ. ಮೈಯೆಲ್ಲ ಮಸಿ.

“ಅಡುಗೆಮನೆ ಆ ಕಡೆ” ಎಂದ ಕಾವಲಿನವನು.

“ಒಗಟಿಗೆ ಬಂದೆ.”

“ಕತ್ತಿನ ಮೇಲೆ ತಲೆ ಭಾರವಾಯ್ತೇನೋ?” ಎಂದು ನಕ್ಕು ಒಳಗೆ ಬಿಟ್ಟ.

ದೊರೆ ರಂಗಪ್ಪನಾಯಕ ಅವನನ್ನು ಮೇಲಿಂದ ಕೆಳಗೆ ನೋಡಿದ. “ಯಾರ ಮೇಲೆ ದೂರು?”

“ಯಾರ ಮೇಲೂ ಇಲ್ಲ, ಬುದ್ಧಿ. ಅಪ್ಪ ಸತ್ತಾಗಿನಿಂದ ನನಗೆ ಅನ್ನ ಹಾಕಿದ್ದು ಕಾಳಾಚಾರಿ. ಅವರು ಸಾಯಬಾರದು.”

ಲಿಂಗವ್ವ ಮೊದಲ ಒಗಟು ಹೇಳಿದಳು. ಪಾಲಯ್ಯ ಯೋಚಿಸಲೂ ಇಲ್ಲ.

“ಅವೇ ಕೋವಿಗಳು, ತಾಯಿ. ಊರ ಬಾಗಿಲಲ್ಲಿ ನಲವತ್ತು ಎಂದರು. ಸಂತೆಯಲ್ಲಿ ಎಂಬತ್ತು. ಇಲ್ಲಿಗೆ ಬರುವಷ್ಟರಲ್ಲಿ ನೂರಿಪ್ಪತ್ತು. ಕಳ್ಳನ ಹತ್ತಿರ ಇರುವುದು ನಲವತ್ತೇ. ಬೆಳೆದದ್ದು ಜನರ ಬಾಯಲ್ಲಿ.”

ಎರಡನೆಯದನ್ನು ಹೇಳಿದಳು.

“ಅದೂ ಅವೇ. ಕಾಳಾಚಾರಿ ಕೋವಿಗೆ ಬೆಂಕಿ ತಾಗುವ ತೂತನ್ನು ಮೊದಲೇ ಕೊರೆಯುವುದಿಲ್ಲ. ಆಯುಧಪೂಜೆಯ ದಿನ, ಕೊಳ್ಳುವವರ ಎದುರಿಗೇ ಕೊರೆಯುವುದು. ಪೂಜೆಗೆ ಇನ್ನೂ ಹದಿನೈದು ದಿನ ಇದೆ. ಮದ್ದು ತುಂಬಿದರೂ ಗುಂಡು ಹಾರುವುದಿಲ್ಲ. ಬರೀ ಹಾರೆಕೋಲು, ಅಷ್ಟೇ.”

ದೊರೆ ಸಿಡುಕಿದ. “ಕಾಳಾಚಾರಿ ಇದನ್ನು ಯಾಕೆ ಹೇಳಲಿಲ್ಲ?”

ಕಾಳಾಚಾರಿಯನ್ನು ಸೆರೆಯಿಂದ ಕರೆತಂದು ಕೇಳಿದರು.

“ಯಾರೂ ಕೇಳಲಿಲ್ಲ, ಬುದ್ಧಿ. ಎಲ್ಲರೂ ಕೂಗಾಡುತ್ತಿದ್ದರು.”

ಇನ್ನೊಂದು ಉಳಿಯಿತು. ಲಿಂಗವ್ವ ನಿಧಾನವಾಗಿ ಹೇಳಿದಳು. “ಕೋಟೆಯ ಬಾಗಿಲಲ್ಲಿ ಹೊರಗೆ ಹೋಗುವವರನ್ನೆಲ್ಲ ತಡೆದೆವು. ಮನೆ ಮನೆ ಜಾಲಾಡಿದೆವು. ಒಲೆ ಅಗೆದೆವು, ಬಾವಿ ಬತ್ತಿಸಿದೆವು. ಸಿಗಲಿಲ್ಲ. ಆದರೂ ಮಾಲು ಊರೊಳಗೇ ಇದೆ. ಎಲ್ಲಿ?”

ಸಭೆಯವರು ಕಾಲ ಬೆರಳು ನೋಡತೊಡಗಿದರು. ಅರ್ಧ ಜನಕ್ಕೆ ಉತ್ತರ ಹೊಳೆದಿತ್ತು. ಬಾಯಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ.

ಪಾಲಯ್ಯ ಕಾಳಾಚಾರಿಯ ಮುಖ ನೋಡಿದ. ಬೇಡ ಎಂಬಂತೆ ಮುದುಕ ತಲೆ ಆಡಿಸಿದ.

“ಹುಡುಕದ ಮನೆ ಒಂದೇ, ಬುದ್ಧಿ” ಎಂದ ಪಾಲಯ್ಯ. “ಇದು.”

ದೊರೆಯ ಕೈ ಕಠಾರಿಗೆ ಹೋಯಿತು. “ನನ್ನನ್ನೇ ಕಳ್ಳ ಅನ್ನುತ್ತೀಯೇನೋ?”

“ಅನ್ನಲಿಲ್ಲ. ಒಗಟು ಕೇಳಿದ್ದು ಜಾಗ. ಜಾಗ ಹೇಳಿದೆ.”

“ಉತ್ತರ ಸರಿ ಇದೆ” ಎಂದಳು ಲಿಂಗವ್ವ. “ಕದ್ದವಳು ನಾನು, ಅಪ್ಪಾಜಿ. ಭಾನುವಾರ ಕಾಳಾಚಾರಿ ಊಟಕ್ಕೆ ಹೋಗಿದ್ದಾಗ ಅಂಗಡಿಯ ಚಿಲಕ ಕೀಳಿಸಿ, ಅರಮನೆಯ ಹುಲ್ಲಿನ ಗಾಡಿಯಲ್ಲಿ ತಂದೆ. ನಿಮ್ಮ ಮಂಚದ ಕೆಳಗಿವೆ.”

ದೊರೆ ಕಠಾರಿಯಿಂದ ಕೈ ತೆಗೆದ.

“ಯಾಕೆ?”

“ಆಚೆ ಬೆಟ್ಟದ ಪಾಳೆಯಗಾರರ ಮನೆಯ ಮದುವೆಯಲ್ಲಿ ವೀಳ್ಯವನ್ನು ಮೊದಲು ಬೇರೆಯವರಿಗೆ ಕೊಟ್ಟು, ಆಮೇಲೆ ನಿಮಗೆ ಕೊಟ್ಟರು. ಅಷ್ಟಕ್ಕೆ ಯುದ್ಧ. ಕುದುರೆ ಹತ್ತಲು ನಿಮಗೆ ಇಬ್ಬರು ಬೇಕು, ಅಪ್ಪಾಜಿ.”

“ಕಾಳಾಚಾರಿಗೆ ನೇಣಾಗಿದ್ದರೆ?”

“ನಾಳೆ ಬೆಳಗ್ಗೆ ನಾನೇ ಹೇಳುತ್ತಿದ್ದೆ. ಅಷ್ಟರಲ್ಲಿ ಒಬ್ಬರಾದರೂ ನಿಮ್ಮೆದುರು ನಿಜ ಹೇಳುತ್ತಾರೋ ನೋಡಬೇಕಿತ್ತು.”

ದೊರೆ ಮಂಡಿ ನೀವಿಕೊಂಡ. “ನಾಲ್ಕು ರಾತ್ರಿ ನಲವತ್ತು ಕೋವಿಯ ಮೇಲೆ ಗೊರಕೆ ಹೊಡೆದೆನಲ್ಲೇ!” ಎಂದು ನಕ್ಕ. ಆಗ ಸಭೆಯೂ ನಕ್ಕಿತು.

“ಏನು ಬೇಕಯ್ಯಾ ನಿನಗೆ?”

“ಕಾಳಾಚಾರಿಯನ್ನು ಬಿಡಿ, ಬುದ್ಧಿ. ಒಳಗಿರುವ ಇಬ್ಬರನ್ನೂ ಬಿಡಿ.”

“ಅದು ಅವರಿಗಾಯಿತು. ನಿನಗೆ?”

ಪಾಲಯ್ಯ ತಲೆ ಕೆರೆದ. “ಕೋಟೆಯ ಹಿಂದಿನ ಜಾಲಿಕಾಡು. ದೂರದಿಂದ ಮೂಟೆ ಹೊತ್ತು ಬೆನ್ನು ನೋಯುತ್ತದೆ.”

ಅಂದು ಸಂಜೆ ಮೂವರನ್ನೂ ಬಿಟ್ಟರು. ಜಾಲಿಕಾಡು ಪಾಲಯ್ಯನಿಗಾಯಿತು. ದೊರೆ ಯುದ್ಧಕ್ಕೆ ಹೋಗಲಿಲ್ಲ.